ಒಂದು ಗಂಟೆ ಅಂದ್ರೆ ಎಷ್ಟು ಗಂಟೆ?

ನಮ್ಮ ಹಾಸ್ಟೆಲ್‌ನ ರಜೆ ಫಾರ್ಮ್ ತುಂಬಿದವರಿಗೆಲ್ಲ ಏಳನೇ ಕಾಲಂ ಗೊತ್ತಿರುತ್ತೆ. ‘ಊರಿಗೆ ಇರುವ ದೂರ, ಕಿ.ಮೀ.ಗಳಲ್ಲಿ’. ಅಲ್ಲಿ 400ಕ್ಕಿಂತ ಜಾಸ್ತಿ ಬರೆದರೆ ಪ್ರಯಾಣಕ್ಕೆ ಅಂತ ಒಂದು ದಿನ ಹೆಚ್ಚು ಸಿಗುತ್ತೆ, ಆ ದಿನದ ಅಟೆಂಡೆನ್ಸ್ ಕಟ್ ಆಗಲ್ಲ. 399 ಬರೆದರೆ ಏನೂ ಇಲ್ಲ. ನಾವು ಈ ಲೇಖನ ಬರೀತಿರೋದು ಆ ಕಾಲಂ ಬಗ್ಗೆ. ಸಣ್ಣ ವಿಷಯ ಅನ್ನಿಸಬಹುದು. ನಮಗೂ ಕಳೆದ ಜುಲೈ ತನಕ ಹಾಗೇ ಅನ್ನಿಸ್ತಿತ್ತು.

ಮೊದಲ ವರ್ಷ ಸಿ ಪ್ರೋಗ್ರಾಮಿಂಗ್ ಲ್ಯಾಬ್‌ನಲ್ಲಿ ನಮ್ಮ ಬ್ಯಾಚ್‌ನವರು ಮಿನಿ ಪ್ರಾಜೆಕ್ಟ್ ಅಂತ ಒಂದು ಪ್ರೋಗ್ರಾಂ ಬರೆದಿದ್ವಿ. ಎರಡು ಊರಿನ ಅಕ್ಷಾಂಶ ರೇಖಾಂಶ ಕೊಟ್ಟರೆ ಮಧ್ಯದ ದೂರ ಹೇಳುತ್ತೆ. ಹ್ಯಾವರ್‌ಸೈನ್ ಸೂತ್ರ, ಭೂಮಿಯ ತ್ರಿಜ್ಯ 6371 ಕಿ.ಮೀ., ನಾಲ್ಕು ಸೈನ್ ಕೊಸೈನ್, ಅಷ್ಟೇ. ದೇವನಹಳ್ಳಿ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಹಾಕಿದರೆ ಸುಮಾರು 306 ಕಿ.ಮೀ. ಬಂತು. ಚೆನ್ನೈಗೆ ಸುಮಾರು 268. ಖುಷಿಯಾಗಿ ಇನ್ನೊಂದು ಸಾಲು ಸೇರಿಸಿದ್ವಿ: ದೂರವನ್ನ ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿ, ಹತ್ತೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಕೂಡಿಸಿ, ‘ಫ್ಲೈಟ್ ಟೈಮ್’ ಅಂತ ಪ್ರಿಂಟ್ ಮಾಡು. ಮಂಗಳೂರು, 53 ನಿಮಿಷ. ಮೇಡಂ ಹತ್ತಕ್ಕೆ ಹತ್ತು ಕೊಟ್ರು.

ನಮ್ಮಲ್ಲೊಬ್ಬ ತಮಾಷೆಗೆ ಮಡಿಕೇರಿ ಹಾಕಿ ನೋಡಿದ. ಅದಕ್ಕೂ ಫ್ಲೈಟ್ ಟೈಮ್ ಬಂತು! ಕೊಡಗು ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇರಲಿ, ರೈಲು ಹಳಿ ಕೂಡ ಇಲ್ಲ. ಪ್ರೋಗ್ರಾಂಗೆ ಅದು ಗೊತ್ತಿಲ್ಲ. ಆವತ್ತು ಎಲ್ಲರೂ ನಕ್ಕು ಸುಮ್ಮನಾದ್ವಿ. ತಪ್ಪು ಇದ್ದಿದ್ದು ಕೋಡ್‌ನಲ್ಲಿ ಅಲ್ಲ ಅಂತ ಆಮೇಲೆ ಅರ್ಥ ಆಯ್ತು.

ಬೆಂಗಳೂರು–ಮಂಗಳೂರು ವಿಮಾನ ಟೈಂಟೇಬಲ್‌ನಲ್ಲಿ ಸುಮಾರು ಒಂದು ಗಂಟೆ. ಅದಕ್ಕೆ ಬ್ಲಾಕ್ ಟೈಮ್ ಅಂತಾರೆ. ಗೇಟ್‌ನಿಂದ ವಿಮಾನ ಹಿಂದೆ ಸರಿದ ಕ್ಷಣದಿಂದ, ಆ ಕಡೆ ಹೋಗಿ ನಿಂತು ಬಾಗಿಲು ತೆಗೆಯೋ ತನಕದ ಲೆಕ್ಕ. ಅದರಲ್ಲೂ ಗಾಳಿಯಲ್ಲಿ ಇರೋದು ಮುಕ್ಕಾಲು ಗಂಟೆ ಇದ್ದರೆ ಹೆಚ್ಚು, ಉಳಿದಿದ್ದು ರನ್‌ವೇ ಕಡೆ ತೆವಳೋದು. 800 ಕಿ.ಮೀ. ವೇಗದ ಯಂತ್ರ 306 ಕಿ.ಮೀ.ಗೆ ಒಂದು ಗಂಟೆ ತಗೊಳ್ಳುತ್ತೆ ಅಂದ್ರೆ ಸರಾಸರಿ ವೇಗ 300ರ ಆಸುಪಾಸು. ಇಷ್ಟು ಹತ್ತಿರದ ಊರುಗಳ ಮಧ್ಯೆ ಪೂರ್ತಿ ಎತ್ತರಕ್ಕೆ ಏರಿ ಸಮವಾಗಿ ಹಾರೋಕೆ ಹೆಚ್ಚು ಹೊತ್ತೇ ಸಿಗಲ್ಲ. ಏರಿದ್ದೇ ತಡ, ಇಳಿಯೋಕೆ ಶುರು.

ಸರಿ, ಇದನ್ನೆಲ್ಲ ಒಪ್ಪಿಕೊಳ್ಳೋಣ, ಒಂದು ಗಂಟೆ ಒಂದು ಗಂಟೆಯೇ. ಆದರೆ ನಾವ್ಯಾರೂ ದೇವನಹಳ್ಳಿ ರನ್‌ವೇ ಮೇಲೆ ಮಲಗಿ ಏಳಲ್ಲ. ನಮ್ಮ ಕಾಲೇಜು ಇರೋದು ಮೈಸೂರು ರಸ್ತೆ ಕಡೆ. ಮೆಜೆಸ್ಟಿಕ್‌ಗೆ ಹೋಗಿ, ವಾಯುವಜ್ರ ಹಿಡಿದು, ಹೆಬ್ಬಾಳ ದಾಟಿ ಹೋಗೋಷ್ಟರಲ್ಲಿ ಎರಡು ಗಂಟೆ. ಟ್ರಾಫಿಕ್ ಮೂಡ್ ಸರಿ ಇಲ್ಲದಿದ್ರೆ ಎರಡೂವರೆ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚುತ್ತೆ, ಆದ್ದರಿಂದ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಒಂದು ಗಂಟೆ ಹಾರಾಟ. ಇಳಿದು ಬ್ಯಾಗ್ ತಗೊಂಡು ಹೊರಗೆ ಬರೋಕೆ ಅರ್ಧ ಗಂಟೆ. ಇಷ್ಟಾದಾಗ ಐದು ಗಂಟೆ ಕಳೆದು ನಾವು ಬಜ್ಪೆಯ ಗುಡ್ಡದ ಮೇಲೆ ನಿಂತಿರ್ತೀವಿ. ಮನೆ ಮಂಗಳೂರು ಪೇಟೆಯಲ್ಲೇ ಇದ್ದವರಿಗೆ ಓಕೆ, ಬಸ್ಸಿಗಿಂತ ಎರಡು ಗಂಟೆ ಉಳಿಯಿತು.

ಮನೆ ಸುಳ್ಯದ ಕಡೆ ಇದ್ದರೆ?

ನಮ್ಮ ರೂಮಿನ ಗೆಳೆಯನ ಮನೆ ಸುಳ್ಯದಿಂದ ಇನ್ನೂ 20 ಕಿ.ಮೀ. ಒಳಗೆ. ಹೆಸರು ಹಾಕಬೇಡಿ ಅಂದಿದ್ದಾನೆ, ಹಾಕಲ್ಲ. ಸುತ್ತ ಅಡಿಕೆ ತೋಟ, ಮನೇಲಿ ಅರೆಭಾಷೆ, ಮಳೆಗಾಲದಲ್ಲಿ ಫೋನ್ ಸಿಗ್ನಲ್‌ಗೆ ಗುಡ್ಡ ಹತ್ತಬೇಕು. ಬೆಂಗಳೂರಿಂದ ಮಂಗಳೂರಿಗೆ ಹೋಗೋ ವಿಮಾನ ಘಟ್ಟ ದಾಟಿ ಅವನ ತಾಲೂಕನ್ನ ಎಡಗಡೆ ಬಿಟ್ಟು, ಸಮುದ್ರದ ಹತ್ತಿರ ಹೋಗಿ ಇಳಿಯುತ್ತೆ. ಅಲ್ಲಿಂದ ಅವನು ಬಜ್ಪೆಯಿಂದ ಮಂಗಳೂರು, ಮಂಗಳೂರಿಂದ ಪುತ್ತೂರು, ಸುಳ್ಯ ಅಂತ ಬಸ್ಸು ಬದಲಿಸಿಕೊಂಡು ಮತ್ತೆ ಪೂರ್ವಕ್ಕೇ, ಅಂದ್ರೆ ಬೆಂಗಳೂರಿನ ದಿಕ್ಕಿಗೇ, ಸುಮಾರು 90 ಕಿ.ಮೀ. ವಾಪಸ್ ಬರಬೇಕು. ಮೂರು ಗಂಟೆ. ಒಟ್ಟು ಎಂಟು. ಮೈಸೂರು ರಸ್ತೆ ಸ್ಯಾಟಲೈಟ್ ಬಸ್ ಸ್ಟ್ಯಾಂಡ್‌ನಿಂದ ಮೈಸೂರು, ಮಡಿಕೇರಿ, ಸಂಪಾಜೆ ಮೇಲೆ ಹೋಗೋ ಬಸ್ಸೂ ಅಷ್ಟೇ ಹೊತ್ತಿನಲ್ಲಿ ಸುಳ್ಯ ಮುಟ್ಟಿಸುತ್ತೆ, ಅದೂ ನಮ್ಮ ಹಾಸ್ಟೆಲ್‌ನಿಂದ ಸ್ವಲ್ಪ ದೂರದಲ್ಲೇ ಹತ್ತಬಹುದು. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಲೆಕ್ಕ ಹಾಕಿದರೆ ವಿಮಾನದ ಸರಾಸರಿ ವೇಗ ಗಂಟೆಗೆ 40 ಕಿ.ಮೀ. ಕೂಡ ಆಗಲ್ಲ.

ಕಳೆದ ಜುಲೈನಲ್ಲಿ ಒಂದು ದಿನ ಬೆಳಿಗ್ಗೆ ಐದೂವರೆಗೆ ಅವನಿಗೆ ಮನೆಯಿಂದ ಫೋನ್ ಬಂತು. ಅಜ್ಜನಿಗೆ ತುಂಬಾ ಸೀರಿಯಸ್, ಬಾ. ಅವನು ಬ್ಯಾಗ್‌ಗೆ ಎರಡು ಶರ್ಟ್ ತುಂಬಿ ಸ್ಯಾಟಲೈಟ್‌ಗೆ ಹೋಗ್ತೀನಿ ಅಂತ ಹೊರಟ. ಆರೂವರೆಯ ಬಸ್ಸು ಅವನಿಗೆ ಗೊತ್ತಿತ್ತು. ತಡೆದವರು ನಾವು. ‘ಬಸ್ಸಲ್ಲಿ ಎಂಟು ಗಂಟೆ ಕೂತ್ಕೊಂಡು ಹೋಗ್ತೀಯಾ? ಫ್ಲೈಟ್‌ಗೆ ಹೋಗೋ, ಒಂದು ಗಂಟೆ ಅಷ್ಟೇ.’ ಆ ಗಡಿಬಿಡಿಯಲ್ಲಿ ಯಾರೂ ಲೆಕ್ಕ ಹಾಕಲಿಲ್ಲ. ದಾರಿ ಲೆಕ್ಕ ಹಾಕೋ ಪ್ರೋಗ್ರಾಂ ಬರೆದು ಹತ್ತಕ್ಕೆ ಹತ್ತು ತಗೊಂಡವರು ನಾವು. ನಾಲ್ಕು ಜನ ಜಿಪೇ ಮಾಡಿ ದುಡ್ಡು ಕೂಡಿಸಿದ್ವಿ, ಹೆಚ್ಚು ಕಮ್ಮಿ ಎರಡು ತಿಂಗಳ ಮೆಸ್ ಬಿಲ್. 10:50ರ ವಿಮಾನ. ನಮಗೆ ದೊಡ್ಡ ಸಹಾಯ ಮಾಡಿದ ಹೆಮ್ಮೆ ಬೇರೆ.

ವಿಮಾನ ಹೊರಟಿತು, ಮಂಗಳೂರಿನ ಮೇಲೆ ಹೋಯಿತು, ಅರ್ಧ ಗಂಟೆ ಸುತ್ತಿತು. ಕೆಳಗೆ ಮೋಡ, ಮಳೆ, ಏನೂ ಕಾಣ್ತಿರಲಿಲ್ಲ. ವಾಪಸ್ ಬೆಂಗಳೂರಿಗೇ ತಂದು ಇಳಿಸಿದರು. ಇದರಲ್ಲಿ ಪೈಲಟ್‌ದು ತಪ್ಪಿಲ್ಲ, ಸರಿಯಾದದ್ದನ್ನೇ ಮಾಡಿದ್ದು. ಬಜ್ಪೆಯದು ಗುಡ್ಡದ ತಲೆ ಸಮ ಮಾಡಿ ಕಟ್ಟಿದ ಟೇಬಲ್‌ಟಾಪ್ ರನ್‌ವೇ, ಅಂಚು ದಾಟಿದರೆ ಕಣಿವೆ. 2010ರ ಮೇ 22ರಂದು ಅಲ್ಲಿ 158 ಜನ ಸತ್ತಿದ್ದನ್ನ ದಕ್ಷಿಣ ಕನ್ನಡದವರು ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ಕಾಣದಿದ್ದರೆ ಇಳಿಸಬಾರದು, ಅಷ್ಟೇ. ನಮ್ಮ ಮಾತು ಬೇರೆ. ಜುಲೈ ತಿಂಗಳಲ್ಲಿ ಕರಾವಳಿಗೆ ಹೋಗುವವನಿಗೆ ‘ಒಂದು ಗಂಟೆ’ ಅಂತ ಹೇಳೋವಾಗ ಈ ಸಾಧ್ಯತೆ ನಮ್ಮ ತಲೆಗೆ ಬರಲೇ ಇಲ್ಲ.

ಸಂಜೆ ಮತ್ತೆ ಬಿಡ್ತೀವಿ ಅಂದರಂತೆ. ಕಾದ. ಐದೂವರೆಗೆ ಕ್ಯಾನ್ಸಲ್. ಅವನು ಸ್ಯಾಟಲೈಟ್‌ಗೆ ಬರ್ತಾ ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ನಿಂತಿದ್ದಾಗ ಮನೆಯಿಂದ ಎರಡನೇ ಫೋನ್ ಬಂತು. ರಾತ್ರಿ ಬಸ್ಸು ಹಿಡಿದು ಮರುದಿನ ಬೆಳಿಗ್ಗೆ ಮನೆ ಸೇರಿದಾಗ ಅಂಗಳದಲ್ಲಿ ಶಾಮಿಯಾನ ಹಾಕಿತ್ತು.

ಆರೂವರೆಯ ಬಸ್ಸು ಆವತ್ತು ಎರಡೂವರೆಗೆ ಸುಳ್ಯ ಮುಟ್ಟಿದೆ. ನಾವು ಆಮೇಲೆ ವಿಚಾರಿಸಿದ್ವಿ. ವಿಚಾರಿಸಬಾರದಿತ್ತೇನೋ. ಅಜ್ಜ ಸಂಜೆ ತನಕ ಮಾತಾಡ್ತಿದ್ರು, ‘ಪುಳ್ಳಿ ಬಂದನಾ’ ಅಂತ ಎರಡು ಸಲ ಕೇಳಿದ್ರು ಅಂತ ಅವನ ಅಮ್ಮ ಹೇಳಿದ್ದನ್ನ ಅವನು ನಮಗೆ ಹೇಳಿದ್ದು ದೀಪಾವಳಿ ಆದ ಮೇಲೆ.

ಇನ್ನು ಫಾರ್ಮ್‌ನ ಕಥೆ. ವಾಪಸ್ ಬಂದು ರಜೆ ಅರ್ಜಿ ಕೊಟ್ಟಾಗ ಏಳನೇ ಕಾಲಂನಲ್ಲಿ ಅವನು ಬರೆದಿದ್ದು 330. ನಿಜವಾದ ದೂರ ಅದು. 400 ಆಗಲಿಲ್ಲ, ಪ್ರಯಾಣದ ದಿನ ಸಿಗಲಿಲ್ಲ, ಅಟೆಂಡೆನ್ಸ್ ಕಟ್. ಅದೇ ವಾರ ನಮ್ಮ ಹುಬ್ಬಳ್ಳಿ ಗೆಳೆಯನೊಬ್ಬ ಅಕ್ಕನ ನಿಶ್ಚಿತಾರ್ಥಕ್ಕೆ ಹೋಗಿ ಬಂದ. ಅವನದು 410, ಒಂದು ದಿನ ಹೆಚ್ಚು ಸಿಕ್ಕಿತು. 2023ರ ಜೂನ್‌ನಲ್ಲಿ ಶುರುವಾದ ಧಾರವಾಡದ ವಂದೇ ಭಾರತ್ ಬೆಳಿಗ್ಗೆ ಹತ್ತಿದರೆ ಆರು ಗಂಟೆಯೊಳಗೆ ಹುಬ್ಬಳ್ಳಿ. ಊಟಕ್ಕೆ ಮನೇಲಿರ್ತಾನೆ. (ಹುಬ್ಬಳ್ಳಿಯವರು ಸಿಟ್ಟಾಗಬೇಡ್ರಿ, ನಿಮ್ಮ ರಜೆ ಕಿತ್ಕೊಳ್ಳಿ ಅಂತ ನಾವು ಹೇಳ್ತಿಲ್ಲ. ಟಿಕೆಟ್ ದುಬಾರಿ ಅನ್ನೋದೂ ಗೊತ್ತು.)

ಚೆನ್ನೈ ನೋಡಿ. ರೈಲು ಹಳಿಯ ಮೇಲೆ ಬೆಂಗಳೂರಿಂದ 362 ಕಿ.ಮೀ., ಮಂಗಳೂರಿನ ದಾರಿಯೂ ಹೆಚ್ಚು ಕಡಿಮೆ ಅಷ್ಟೇ ಉದ್ದ. ಶತಾಬ್ದಿಯಲ್ಲಿ ಐದು ಗಂಟೆ, ವಂದೇ ಭಾರತ್‌ನಲ್ಲಿ ನಾಲ್ಕೂವರೆ. ಮಂಗಳೂರಿಗೆ ರಾತ್ರಿ ರೈಲು ಒಂಬತ್ತು ಗಂಟೆ ಆಸುಪಾಸು. ವಿಮಾನದಲ್ಲಿ ಎರಡಕ್ಕೂ ಒಂದೊಂದು ಗಂಟೆ. ಅಂದ್ರೆ ಆಕಾಶದಿಂದ ನೋಡಿದರೆ ಈ ಎರಡು ಊರು ನಮ್ಮಿಂದ ಸಮ ದೂರ, ನೆಲದ ಮೇಲೆ ಒಂದು ಇನ್ನೊಂದರ ಎರಡು ಪಟ್ಟು ದೂರ. ಮಧ್ಯೆ ಇರೋದು ಘಟ್ಟ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್‌ಗೆ 55 ಕಿ.ಮೀ. ಸಿವಿಲ್‌ನವರು ಯಾರಾದರೂ ಈ ಸೆಕ್ಷನ್ ನೋಡಿಲ್ಲ ಅಂದ್ರೆ ದಯವಿಟ್ಟು ಒಮ್ಮೆ ಹಗಲು ರೈಲಿನಲ್ಲಿ ಹೋಗಿ ಬನ್ನಿ, ಕಿಟಕಿ ಪಕ್ಕದ ಸೀಟಿಗೆ ಜಗಳ ಆಡಿಯಾದರೂ ಸರಿ. 57 ಸುರಂಗ, ಇನ್ನೂರಕ್ಕೂ ಹೆಚ್ಚು ಸೇತುವೆ. ಏರು 50ಕ್ಕೆ 1, ಅಂದ್ರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಕಾಗದದ ಮೇಲೆ ಇದು ಏನೂ ಅಲ್ಲ ಅನ್ನಿಸುತ್ತೆ. ಆದರೆ ಕಬ್ಬಿಣದ ಚಕ್ರ ಕಬ್ಬಿಣದ ಹಳಿ ಮೇಲೆ ಹಿಡಿತ ಇಟ್ಟುಕೊಳ್ಳೋದೇ ಕಷ್ಟ, ಮಳೆಯಲ್ಲಿ ಇನ್ನೂ ಕಷ್ಟ. ಹಿಂದೆ ಹೆಚ್ಚುವರಿ ಎಂಜಿನ್ ಕಟ್ಟಿ ತಳ್ಳಬೇಕು, ಇಳಿಯುವಾಗ ಬ್ರೇಕ್ ಬಿಸಿಯಾಗದ ಹಾಗೆ ಮೆಲ್ಲಗೆ ಇಳಿಯಬೇಕು. ವೇಗದ ಮಿತಿ ಗಂಟೆಗೆ 30 ಕಿ.ಮೀ. 55 ಕಿ.ಮೀ.ಗೆ ಎರಡು ಗಂಟೆ ಮೇಲೆ. ಇನ್ನು ಅಲ್ಲಿ ಒಂದೇ ಹಳಿ, ಎದುರು ಗೂಡ್ಸ್ ಬಂತೋ, ಎಲ್ಲೋ ಕಾಡಿನ ಮಧ್ಯೆ ಸ್ಟೇಷನ್‌ನಲ್ಲಿ ನಿಂತು ಕಾಯಬೇಕು.

ಇತಿಹಾಸ ನೋಡಿದರೂ ಹೀಗೇ. ಬೆಂಗಳೂರು–ಜೋಲಾರ್‌ಪೇಟೆ ಹಳಿ ಬಂದು ಮದ್ರಾಸಿಗೆ ರೈಲು ಸಂಪರ್ಕ ಆಗಿದ್ದು 1864ರಲ್ಲಿ. ಬಜ್ಪೆಯಲ್ಲಿ ಮೊದಲ ವಿಮಾನ ಇಳಿದಿದ್ದು 1951ರಲ್ಲಿ. ಹಾಸನದಿಂದ ಘಟ್ಟ ಇಳಿದು ಮಂಗಳೂರಿಗೆ ಮೀಟರ್ ಗೇಜ್ ಹಳಿ ಪೂರ್ತಿ ಆಗಿದ್ದು 1979ರಲ್ಲಿ! ಆಮೇಲೆ 1996ರಲ್ಲಿ ಬ್ರಾಡ್ ಗೇಜ್ ಮಾಡ್ತೀವಿ ಅಂತ ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ. ನಮ್ಮ ಸುಳ್ಯದ ಗೆಳೆಯನ ಅಪ್ಪ ಬೆಂಗಳೂರಿಗೆ ಬಂದು ಹೋಗ್ತಿದ್ದ ಕಾಲ ಪೂರ್ತಿ ಬಸ್ಸಲ್ಲೇ ಮುಗೀತು ಅಂತಾನೆ ಅವನು.

ಹಳಿ ಇದ್ದರೂ ಮಳೆಗಾಲದಲ್ಲಿ ಗ್ಯಾರಂಟಿ ಇಲ್ಲ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಹೋಗಿ ಎಷ್ಟೋ ದಿನ ರೈಲು ನಿಂತಿತ್ತು. ಅದೇ ಹೊತ್ತಿಗೆ ಶಿರಾಡಿ ಘಾಟಿಯ ರಸ್ತೆಯಲ್ಲೂ ಸಕಲೇಶಪುರದ ಹತ್ತಿರ ಗುಡ್ಡ ಕುಸಿತ. 2018ರ ಆಗಸ್ಟ್‌ನಲ್ಲಿ ಸಂಪಾಜೆ ದಾರಿ ಜೋಡುಪಾಲದಲ್ಲಿ ಕೊಚ್ಚಿ ಹೋಯಿತು, 2019ರಲ್ಲಿ ಚಾರ್ಮಾಡಿ. ಕರಾವಳಿಯ ಹುಡುಗರು ಜುಲೈ ಬಂದರೆ ಕ್ರಿಕೆಟ್ ಸ್ಕೋರ್ ಕೇಳೋ ಹಾಗೆ ‘ಯಾವ ಘಾಟಿ ಓಪನ್ ಉಂಟು ಮಾರಾಯ?’ ಅಂತ ಕೇಳ್ತಿರ್ತಾರೆ. ಇದಕ್ಕೆ ನಮ್ಮ ಪ್ರೋಗ್ರಾಂನಲ್ಲಿ ವೇರಿಯಬಲ್ ಇರಲಿಲ್ಲ.

ನಮಗೆ ಸಿಟ್ಟು ಬರೋದು ವಿಮಾನದ ಮೇಲಲ್ಲ. ‘ಈಗ ಎಲ್ಲಾ ಕಡೆ ಫ್ಲೈಟ್ ಇದೆಯಲ್ಲಪ್ಪ’ ಅನ್ನೋ ಮಾತಿನ ಮೇಲೆ. ರಜೆ ನಿಯಮದ ಬಗ್ಗೆ ಕೇಳೋಕೆ ಹೋದಾಗ ನಮಗೆ ಸಿಕ್ಕ ಮೊದಲ ಉತ್ತರ ಇದೇ. ಆ ಒಂದು ಗಂಟೆ ಅನ್ನೋ ಸಂಖ್ಯೆ ಯಾರಿಗೆ ನಿಜ? ದೇವನಹಳ್ಳಿ ಹತ್ತಿರ ಮನೆ, ಕಾರು, ಕಂಪನಿ ಕೊಡೋ ಟಿಕೆಟ್, ಆ ಕಡೆ ಕರೆದುಕೊಂಡು ಹೋಗೋಕೆ ಇನ್ನೊಂದು ಕಾರು ಇದ್ದವರಿಗೆ. ಹಾಗೆ ಓಡಾಡುವವರು ತೀರ್ಮಾನ ತೆಗೆದುಕೊಳ್ಳೋ ಜಾಗದಲ್ಲಿ ಇದ್ದಾಗ ಮಂಗಳೂರು ಹತ್ತಿರದ ಊರಾಗಿಬಿಡುತ್ತೆ. ಹತ್ತಿರದ ಊರಿಗೆ ರಸ್ತೆ ಹಾಳಾದರೇನು, ರೈಲು ಎರಡು ವಾರ ನಿಂತರೇನು? ಕಲಬುರಗಿಗೆ 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಬಂದಾಗ ಪೇಪರ್‌ನಲ್ಲೆಲ್ಲ ಇನ್ನು ಬೆಂಗಳೂರು ಹತ್ತಿರ ಅಂತ ಖುಷಿಪಟ್ಟಿದ್ದರು. ನಮ್ಮ ಹಾಸ್ಟೆಲ್‌ನ ಕಲಬುರಗಿ ಕಡೆಯವರು ಈಗಲೂ ರಾತ್ರಿ ರೈಲಿನ ವೇಟಿಂಗ್ ಲಿಸ್ಟ್ ನೋಡ್ಕೊಂಡು ಕೂತಿರ್ತಾರೆ.

ಹಳೇ ಕನ್ನಡದವರು ಈ ವಿಷಯದಲ್ಲಿ ನಮಗಿಂತ ಜಾಣರು ಅನ್ನಿಸುತ್ತೆ. ಕೂಗಳತೆ ದೂರ ಅಂತ ಒಂದು ಪದ ಇದೆ, ಕೂಗಿದರೆ ಕೇಳಿಸುವಷ್ಟು ದೂರ. (ಇಂಗ್ಲಿಷ್ ಮೀಡಿಯಂ ನಾವು, ಈ ಪದ ಕಲಿತಿದ್ದು ಇದೇ ಗೆಳೆಯನಿಂದ.) ಅಲ್ಲಿ ಅಳತೆ ಮನುಷ್ಯನದ್ದು. ಬೆಂಗಳೂರಿನಲ್ಲೂ ನಾವು ಹಾಗೇ ಮಾತಾಡೋದು. ಸಿಲ್ಕ್ ಬೋರ್ಡ್ ಎಷ್ಟು ದೂರ ಅಂದ್ರೆ ಯಾರೂ ಕಿ.ಮೀ. ಹೇಳಲ್ಲ, ‘ಎಷ್ಟೊತ್ತಿಗೆ ಹೊರಡ್ತೀಯ?’ ಅಂತ ಕೇಳ್ತಾರೆ. ಕಿ.ಮೀ. ಕೇಳೋದು ಹಾಸ್ಟೆಲ್ ಫಾರ್ಮ್ ಮಾತ್ರ.

ವಾರ್ಡನ್ ಸರ್ ಒಂದು ಮಾತು ಹೇಳಿದರು, ಅದನ್ನ ಇಲ್ಲಿ ಬರೀಲೇಬೇಕು, ಯಾಕಂದ್ರೆ ಅದರಲ್ಲಿ ಸತ್ಯ ಇದೆ. ‘ಕಿ.ಮೀ. ಆದ್ರೆ ಗೂಗಲ್ ಮ್ಯಾಪ್‌ನಲ್ಲಿ ಚೆಕ್ ಮಾಡಬಹುದು. ಗಂಟೆ ಕೇಳಿದ್ರೆ ನೀವು ನೆಲಮಂಗಲಕ್ಕೂ ಹತ್ತು ಗಂಟೆ ಬರೀತೀರಿ.’ ನಮ್ಮಲ್ಲಿ ಅಂಥವರು ಇದ್ದಾರೆ, ಒಪ್ಪಿದ್ವಿ. ಹೋದ ವರ್ಷ ತುಮಕೂರಿನವನೊಬ್ಬ ಏಳನೇ ಕಾಲಂನಲ್ಲಿ 420 ಬರೆದು ಸಿಕ್ಕಿಬಿದ್ದಿದ್ದ, ಅಂದ್ರೆ ಕಿ.ಮೀ.ನಲ್ಲೂ ಸುಳ್ಳು ಹೇಳಬಹುದು. ಆದರೆ ಬಸ್ಸಿನ ಟೈಂಟೇಬಲ್, ರೈಲಿನ ಟೈಂಟೇಬಲ್ ಗುಟ್ಟಿನ ವಿಷಯ ಅಲ್ಲವಲ್ಲ. ತಾಲೂಕು ಕೇಂದ್ರದ ತನಕ ಬಸ್ಸು ಅಥವಾ ರೈಲು, ಯಾವುದು ಬೇಗವೋ ಅದರ ಹೊತ್ತು, ಅದಕ್ಕೆ ಊರಿನ ತನಕದ್ದು ಸೇರಿಸಿ. ವರ್ಷದ ಶುರುವಲ್ಲಿ ಒಂದೇ ಸಲ ಪಟ್ಟಿ ಮಾಡಿ ಆಫೀಸಿನಲ್ಲಿ ಇಟ್ಟರೆ ಮುಗೀತು. ಏಳು ಗಂಟೆ ಮೇಲಿದ್ದರೆ ಪ್ರಯಾಣದ ದಿನ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಕೆಳಗಿನವರಿಗೆ, ಕೊಡಗಿನವರಿಗೆ ರಸ್ತೆ ಬಂದ್ ಆದರೆ ಆ ದಿನದ ಪೇಪರ್ ಕಟಿಂಗ್ ತೋರಿಸಿದರೆ ಸಾಕು ಅಂತ ಇರಲಿ. ಈ ಪಟ್ಟಿಯನ್ನ ಇಟ್ಟುಕೊಳ್ಳೋ ಪ್ರೋಗ್ರಾಂ ನಾವೇ ಬರೆದು ಕೊಡ್ತೀವಿ. ಈ ಸಲ ಸೈನ್ ಕೊಸೈನ್ ಇರಲ್ಲ.

ವಿಮಾನದ ಕಾಲಂ ಅದರಲ್ಲಿ ಬೇಡ ಅನ್ನೋದು ನಮ್ಮ ಒತ್ತಾಯ. ದುಡ್ಡಿದ್ದವರು ಹೋಗಲಿ, ತುರ್ತು ಇದ್ದಾಗ ನಾವೂ ಹೋಗ್ತೀವಿ. ಆದರೆ ಅದನ್ನ ಇಟ್ಟುಕೊಂಡು ಒಬ್ಬನ ಊರು ಹತ್ತಿರ ಅಂತ ತೀರ್ಮಾನ ಮಾಡೋದು ಬೇಡ.

ಈ ಲೇಖನ ಕಳಿಸೋ ಮೊದಲು ಅವನಿಗೆ ಓದಿ ಹೇಳಿದ್ವಿ. ಅಜ್ಜನ ಭಾಗ ತೆಗೀಲಾ ಅಂತ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಇರಲಿ, ಎಂತ ತೊಂದರೆ ಇಲ್ಲ. ಬಸ್ಸಿನ ಟೈಮ್ ಮಾತ್ರ ಸರಿ ಬರೀರಿ’ ಅಂದ. ಬರೆದಿದ್ದೀವಿ.

ಹಾಸ್ಟೆಲ್ ಕಮಿಟಿ ಮೀಟಿಂಗ್ ತಿಂಗಳ ಕೊನೇ ಶುಕ್ರವಾರ. ಅದಕ್ಕಿಂತ ಮುಂಚೆ ನಿಮ್ಮ ಊರು, ತಾಲೂಕು, ಹಾಸ್ಟೆಲ್ ಗೇಟ್‌ನಿಂದ ಮನೆ ಬಾಗಿಲಿಗೆ ಎಷ್ಟು ಗಂಟೆ, ಮಳೆಗಾಲದಲ್ಲಿ ಎಷ್ಟು, ಇಷ್ಟನ್ನ ಒಂದು ಚೀಟಿಯಲ್ಲಿ ಬರೆದು ಮೆಸ್ ಪಕ್ಕದ ನೋಟಿಸ್ ಬೋರ್ಡ್ ಕೆಳಗಿನ ಡಬ್ಬಿಗೆ ಹಾಕಿ. ನೆಲಮಂಗಲದವರು ನಿಜ ಬರೀರಿ ಪ್ಲೀಸ್.